ಮದುವಿ ಆಗಿ ಐದೂವರೆ ವಾರ, ಸ್ಕ್ಯಾನಿಂಗ್ ರಿಪೋರ್ಟ್‌ನಾಗ 7 ವಾರ ಅಂತ ಬಂದದ. ಈ ಲೆಕ್ಕ ಹೆಂಗ ಹಾಕ್ತಾರ?

ಸಿಂಧನೂರು_ದೊಡ್ಡಕ್ಕ:
ಎಲ್ಲರಿಗೂ ನಮಸ್ಕಾರ. ಜಲ್ದಿ ಉತ್ತರ ಬೇಕಾಗ್ಯದ, ಗೊತ್ತಿದ್ದೋರು ದಯವಿಟ್ಟು ಬರೀರಿ. ನನ್ನ ತಂಗಿನ್ನ ಕಾರಟಗಿ ಕಡೆ ಕೊಟ್ಟೀವಿ, ಮದುವಿ ಆಗಿ ಐದೂವರೆ ವಾರ ಆತು. ಮುಟ್ಟು ನಿಂತದ ಅಂತ ಮನ್ಯಾಗೇ ಕಿಟ್ ತಂದು ನೋಡ್ಯಾರ, ಎರಡು ಗೆರಿ ಬಂದಾವ, ಎಲ್ಲರೂ ಖುಷಿ ಪಟ್ಟಾರ. ನಿನ್ನೆ ಗಂಗಾವತಿಗೆ ಕರ್ಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸ್ಯಾರ. ರಿಪೋರ್ಟ್‌ನಾಗ 7 ವಾರ 0 ದಿನ, ಸಿಆರ್‌ಎಲ್ 10 ಮಿಮೀ, ಹಾರ್ಟ್ ರೇಟ್ 138 ಅಂತ ಬರ್ದದ. ಸೆಂಟರ್‌ನವರು ಕೈಯಾಗ ಕವರ್ ಕೊಟ್ಟು ಕಳಿಸ್ಯಾರ, ಒಂದು ಮಾತು ತಿಳಿಸಿ ಹೇಳಿಲ್ಲ.

ಮನಿಗೆ ಬಂದ ಮ್ಯಾಲೆ ಆಕಿ ಸಣ್ಣತ್ತಿ ಆ ರಿಪೋರ್ಟ್ ಓದಿ "ಮದುವಿ ಆಗಿ ಆರು ವಾರ ತುಂಬಿಲ್ಲ, ಕೂಸು ಏಳು ವಾರದ್ದು ಹೆಂಗ?" ಅಂತ ಎಲ್ಲರ ಮುಂದ ಕೇಳ್ಯಾಳ. ಆವಾಗಿಂದ ಮನ್ಯಾಗ ಯಾರೂ ನನ್ನ ತಂಗಿ ಜೊತಿ ಸರಿಯಾಗಿ ಮಾತಾಡವಲ್ರು. ಗಂಡ ಒಳ್ಳೆಯವನೇ ಅದಾನ, ಆದ್ರ ಅವನಿಗೂ ಈ ಲೆಕ್ಕ ತಿಳಿವಲ್ದು, ಸುಮ್ಮನ ಕುಂತಾನ. ಇಕಿ ರಾತ್ರಿ ಫೋನ್ ಹಚ್ಚಿ ಅಳ್ತಾಳ, ಊಟ ಬಿಟ್ಟಾಳ.

ಎರಡು ಕೇಳ್ತೀನಿ. ಒಂದು, ಈ ವಾರದ ಲೆಕ್ಕ ಎಲ್ಲಿಂದ ಶುರು ಆಗ್ತದ? ಎರಡು, ಈಗ ಹೊಟ್ಟ್ಯಾಗ ಏನೇನು ಆಗಿರ್ತದ, ಮುಂದ ಯಾವ ತಿಂಗಳಾಗ ಏನು ಆಗ್ತದ? ನಾಳೆ ನಾನೇ ಬಸ್ ಹತ್ತಿ ಕಾರಟಗಿಗೆ ಹೊಂಟೀನಿ, ಅವರ ಮುಂದ ಕುಂತು ತಿಳಿಸಿ ಹೇಳಬೇಕು.

ಕಂಪ್ಲಿ_ಮಂಜು:
ಅಕ್ಕಾ ಹೆದರಬ್ಯಾಡ್ರಿ. ಡಾಕ್ಟ್ರು ಎಣಿಸೋದು ಕೊನೇ ಮುಟ್ಟಿನ ದಿನದಿಂದ, ಮದುವೆಯಿಂದ ಅಲ್ಲ. ಎಲ್ಲರ ರಿಪೋರ್ಟೂ ಹಂಗೇ ಬರೋದು.

ಬಳ್ಳಾರಿ_ಸಿಸ್ಟರ್:
ದೊಡ್ಡಕ್ಕ, ನಾನು ಹೆರಿಗೆ ವಾರ್ಡ್‌ನಾಗೇ ಡ್ಯೂಟಿ ಮಾಡೋಳು. ಮೊದ್ಲು ಈಗ್ಲೇ ತಂಗಿಗೆ ಫೋನ್ ಹಚ್ಚಿ ಇಷ್ಟು ಹೇಳಿ: ರಿಪೋರ್ಟ್ ಸರಿಯಾಗೇ ಐತೆ, ಮದುವೆ ದಿನಕ್ಕೂ ಅದಕ್ಕೂ ತಾಳೆ ಆಗ್ತೈತೆ. ಉಳಿದಿದ್ದು ನಾಳೆ ನೀವು ಹೋಗಿ ಹೇಳೋರಂತೆ.

ಲೆಕ್ಕ ಹಿಂಗೆ. ಗರ್ಭ ಯಾವತ್ತು ನಿಂತಿತು ಅಂತ ಯಾರಿಗೂ ಕಣ್ಣಿಗೆ ಕಾಣಲ್ಲ, ಆದ್ರೆ ಕೊನೇ ಸಲ ಮುಟ್ಟಾಗಿದ್ದು ಯಾವತ್ತು ಅಂತ ಹೆಣ್ಮಕ್ಕಳಿಗೆ ನೆನಪಿರುತ್ತೆ. ಅದಕ್ಕೇ ಆ ಮುಟ್ಟಿನ ಮೊದಲನೇ ದಿನವೇ ಲೆಕ್ಕದ ಮೊದಲನೇ ದಿನ, ಅದನ್ನೇ ಎಲ್‌ಎಂಪಿ ಅಂತೀವಿ. 28 ದಿನಕ್ಕೊಮ್ಮೆ ಮುಟ್ಟಾಗೋರಿಗೆ ಅಂಡ ಹೊರಗೆ ಬರೋದು ಸುಮಾರು 14ನೇ ದಿನ. ಅಂದ್ರೆ ಮೊದಲ ಎರಡು ವಾರ ಹೊಟ್ಟ್ಯಾಗೆ ಮಗುವೇ ಇರಲ್ಲ, ಲೆಕ್ಕ ಮಾತ್ರ ಓಡ್ತಿರುತ್ತೆ. 7 ವಾರದ ಗರ್ಭ ಅಂದ್ರೆ ಭ್ರೂಣಕ್ಕೆ ಆಗಿರೋದು 5 ವಾರ. ನಿಮ್ಮ ತಂಗಿ ಮದುವೆ ಆಗಿ ಐದೂವರೆ ವಾರ. ಮುಟ್ಟಾಗಿ ಹತ್ತು ಹನ್ನೊಂದು ದಿನಕ್ಕೆ ಮದುವೆ ಆಗಿರುತ್ತೆ, ಅದಾಗಿ ಮೂರ್ನಾಲ್ಕು ದಿನಕ್ಕೆ ಗರ್ಭ ನಿಂತಿರುತ್ತೆ. ಕೊನೇ ಮುಟ್ಟಿನ ತಾರೀಖು ಕೇಳಿ ನೋಡಿ, ಇವತ್ತಿಗೆ 50 ದಿನದ ಹತ್ತಿರ ಬರುತ್ತೆ.

ಈಗ ಒಳಗೆ ಏನಾಗೈತೆ ಅಂತ. ಅಂಡ, ವೀರ್ಯಾಣು ಸೇರೋದು ಗರ್ಭಕೋಶದಾಗಲ್ಲ, ಅದರ ಪಕ್ಕದ ನಾಳದಾಗೆ. ಅಂಡ ಬದುಕೋದು ಹೆಚ್ಚೆಂದ್ರೆ ಒಂದು ದಿನ, ವೀರ್ಯಾಣು ಐದು ದಿನದವರೆಗೂ ಕಾಯಬಹುದು. ಸೇರಿದ ಮೇಲೆ ಒಂದು ಜೀವಕೋಶ ಎರಡಾಗಿ, ನಾಲ್ಕಾಗಿ ಒಡೀತಾ ಉರುಳ್ತಾ ಬಂದು ಐದನೇ ದಿನಕ್ಕೆ ಗರ್ಭಕೋಶ ಮುಟ್ಟುತ್ತೆ. ಆಗ್ಲೇ ಅದರಾಗೆ ಎರಡು ಪಾಲು ಆಗಿರುತ್ತೆ, ಹೊರಗಿನ ಪಾಲು ಮುಂದೆ ಮಾಸು ಆಗುತ್ತೆ, ಒಳಗಿನ ಪಾಲು ಮಗು. ಆರರಿಂದ ಹತ್ತನೇ ದಿನದೊಳಗೆ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತೆ. ಅಂಟಿದ ಮೇಲೆ ಎಚ್‌ಸಿಜಿ ಅನ್ನೋ ಹಾರ್ಮೋನ್ ಬಿಡುತ್ತೆ, ಮುಟ್ಟು ನಿಲ್ಲೋದು ಅದರಿಂದಾನೇ, ಕಿಟ್‌ನಾಗೆ ಎರಡು ಗೆರೆ ಬರೋದೂ ಅದರಿಂದಾನೇ.

ಗರ್ಭ ನಿಂತ ದಿನದಿಂದ ಎಣಿಸಿದ್ರೆ ಮೂರನೇ ವಾರ ಭ್ರೂಣದಾಗೆ ಮೂರು ಪದರ ಆಗ್ತವೆ. ಮೇಲಿನದು ಚರ್ಮ, ಮಿದುಳು, ನರ ಆಗುತ್ತೆ. ನಡುವಿನದು ಹೃದಯ, ರಕ್ತ, ಎಲುಬು, ಮಾಂಸ, ಕಿಡ್ನಿ. ಒಳಗಿನದು ಕರುಳಿನ ಒಳಪದರ, ಶ್ವಾಸಕೋಶದ ಒಳಪದರ, ಲಿವರ್. 22ನೇ ದಿನದ ಸುಮಾರಿಗೆ ಹೃದಯ ಬಡಿಯೋಕೆ ಶುರು. 28ನೇ ದಿನಕ್ಕೆ ಮಿದುಳು, ಬೆನ್ನುಹುರಿ ಆಗೋ ನಾಳ ಎರಡೂ ಕಡೆ ಮುಚ್ಚಿಕೊಳ್ಳುತ್ತೆ. ನಿಮ್ಮ ತಂಗಿ ಮಗೂಗೆ ಈಗ ಕೈಕಾಲು ಮೊಳಕೆ ಬಂದಿರ್ತವೆ, ಕಣ್ಣಿನ ಜಾಗ ಗುರುತು ಆಗಿರುತ್ತೆ, ತಲೆಯಿಂದ ಕುಂಡಿವರೆಗೆ 10 ಮಿಲಿಮೀಟರ್, ರಿಪೋರ್ಟ್‌ನಾಗೆ ಸಿಆರ್‌ಎಲ್ ಅಂತ ಬರೆದಿರೋದು ಇದನ್ನೇ. ಎಲ್ಲಾ ಸರಿಯಾಗೇ ಐತೆ.

ತೋರಣಗಲ್ಲು_ಶಿಫ್ಟ್:
ಸಿಸ್ಟರ್ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ನಮ್ಮ ಮನೇಲಿ ಈಗ ಐದನೇ ತಿಂಗಳು, ಡಾಕ್ಟರ್ ಹತ್ರ ಎರಡು ನಿಮಿಷಾನೂ ಸಿಗಲ್ಲ ಕೇಳೋಕೆ.

ಕುಷ್ಟಗಿ_ಪೋರ:
ಒಂದು ಡೌಟ್ ಐತ್ರಿ. ಮುಟ್ಟಿನ ದಿನದಿಂದ ಎಣಿಸಿದ್ರ ಎರಡು ವಾರ ಹೆಚ್ಗಿ ಬರ್ತೈತಿ ಅನ್ನೋದು ತಿಳೀತು. ಆದ್ರ ಸ್ಕ್ಯಾನಿಂಗ್ ಮಷೀನ್ ಮುಟ್ಟಿನ ದಿನ ಕೇಳಂಗಿಲ್ಲಲ್ಲ, ಅದು ಕೂಸನ್ನೇ ಅಳತಿ ಮಾಡಿ 7 ವಾರ ಅಂತ ಹೇಳೈತಿ. ಕೂಸಿನ ಅಳತಿ 7 ವಾರದ್ದು ಅಂದ್ರ ಕೂಸು 7 ವಾರದ್ದೇ ಆಗಬೇಕಲ್ಲ? ನಾಳಿ ಆ ಸಣ್ಣತ್ತಿ ಇದನ್ನ ಕೇಳಿದ್ರ ಅಕ್ಕ ಏನು ಹೇಳಬೇಕು?

ಸಿಂಧನೂರು_ದೊಡ್ಡಕ್ಕ:
ಇದೇ ಇದೇ. ನನಗೂ ಇದೇ ತಲ್ಯಾಗ ಕುಂತದ.

ರಾಯಚೂರು_ಸ್ಕ್ಯಾನ್‌ರೂಮ್:
ಪೋರ ಕೇಳಿದ್ದು ಸರಿ ಅದ, ನಮ್ಮ ರೂಮಿನಾಗೂ ಓದಿದ ಮಂದಿ ಇದನ್ನೇ ಕೇಳ್ತಾರ. ಮಷೀನ್‌ಗೆ ವಾರ ಕಾಣಂಗಿಲ್ಲ, ಉದ್ದ ಅಷ್ಟೇ ಕಾಣ್ತದ. ನಾವು ಸ್ಕ್ರೀನ್ ಮ್ಯಾಲೆ ತಲಿಗೊಂದು ಚುಕ್ಕಿ, ಕೆಳಗೊಂದು ಚುಕ್ಕಿ ಇಡ್ತೀವಿ, ನಡುವಿನ ಅಳತಿ 10 ಮಿಮೀ ಅಂತ ಬರ್ತದ. ಆಮ್ಯಾಲೆ ಮಷೀನ್ ತನ್ನೊಳಗಿನ ಪಟ್ಟಿ ತಗದು 10 ಮಿಮೀ ಅಂದ್ರ 7 ವಾರ ಅಂತ ತೋರಸ್ತದ. ಆ ಪಟ್ಟಿ ಮಾಡಿದ್ದು ಹೆಂಗ ಅನ್ನೋದೇ ಮುಖ್ಯ. ಗ್ಲಾಸ್ಗೋದಾಗ ರಾಬಿನ್ಸನ್ ಅನ್ನೋ ಡಾಕ್ಟರ್ 1973ರಾಗ ಈ ಅಳತಿ ಶುರು ಮಾಡಿದ್ರು. ಮುಟ್ಟಿನ ತಾರೀಖು ಪಕ್ಕಾ ಗೊತ್ತಿದ್ದು, ತಿಂಗಳಾ ತಿಂಗಳಾ ಸರಿಯಾಗಿ ಆಗೋ ಹೆಣ್ಮಕ್ಕಳನ್ನ ತಗೊಂಡು, ಮುಟ್ಟಿನ ದಿನದಿಂದ ಇಷ್ಟು ವಾರಕ್ಕ ಭ್ರೂಣ ಇಷ್ಟು ಉದ್ದ ಅಂತ ಪಟ್ಟಿ ಹಾಕಿದ್ರು. ಅಂದ್ರ ಆ ಎರಡು ವಾರ ಪಟ್ಟಿಯೊಳಗೇ ಸೇರ್ಯಾವ. ಸ್ಕ್ಯಾನಿಂಗ್‌ನಾಗ ಯಾವ ವಾರ ಬಂದ್ರೂ ಭ್ರೂಣದ ಖರೇ ವಯಸ್ಸು ಬೇಕಾದ್ರ ಎರಡು ವಾರ ಕಳೀರಿ.

ಇನ್ನೊಂದು. 9 ವಾರದೊಳಗಿನ ಸ್ಕ್ಯಾನ್‌ನಾಗೂ ನಾಕೈದು ದಿನ ಹಿಂದ ಮುಂದ ಇರ್ತದ. ಒಂದು ದಿನ ಎರಡು ದಿನದ ಲೆಕ್ಕ ಹಿಡ್ಕೊಂಡು ಮದುವಿ ದಿನಕ್ಕ ಜೋಡಿಸಿ ಯಾರ ಮ್ಯಾಲೂ ಮಾತು ಹಚ್ಚಾಕ ಬರಂಗಿಲ್ಲ. ಆ ಕೆಲಸಕ್ಕ ಸ್ಕ್ಯಾನ್ ಇರೋದೇ ಅಲ್ಲ.

ಮಾನ್ವಿ_ಮಾಸ್ತರ:
ಇದಕ್ಕ ಗಟ್ಟಿ ಸಾಕ್ಷಿ ಬೇಕಂದ್ರ ಐವಿಎಫ್ ನೋಡ್ರಿ. ನಮ್ಮ ಕಾಕಾನ ಮಗಳಿಗೆ ಹುಬ್ಬಳ್ಳ್ಯಾಗ ಮಾಡಿಸಿದ್ವಿ. ಅಲ್ಲಿ ಅಂಡ, ವೀರ್ಯಾಣು ಸೇರಿದ ದಿನ ಡಾಕ್ಟರ್‌ಗೆ ಗಂಟಿ ಸಮೇತ ಗೊತ್ತಿರ್ತದ, ಯಾಕಂದ್ರ ಅವರೇ ಲ್ಯಾಬ್‌ನಾಗ ಕೂಡ್ಸಿರ್ತಾರ. ಐದು ದಿನದ ಭ್ರೂಣ ತಗೊಂಡು ಹೊಟ್ಟ್ಯಾಗ ಬಿಟ್ರು, ಆ ದಿನವೇ ಚೀಟಿ ಮ್ಯಾಲೆ 2 ವಾರ 5 ದಿನ ಅಂತ ಬರದ್ರು. ಐದು ದಿನದ್ದು ಅಂತ ಎಲ್ಲರಿಗೂ ಗೊತ್ತು, ಆದ್ರೂ ಎರಡು ವಾರ ಕೂಡ್ಸಿ ಬರದ್ರು, ಯಾಕಂದ್ರ ಮುಂದಿನ ಪಟ್ಟಿ, ಮಾತ್ರಿ, ಸ್ಕ್ಯಾನು ಎಲ್ಲಾ ಆ ಲೆಕ್ಕದ ಮ್ಯಾಲೇ ನಡೀತಾವ. ಸಣ್ಣತ್ತಿಗೆ ಇದನ್ನ ಹೇಳ್ರಿ ಅಕ್ಕೋರ.

ಸಿರುಗುಪ್ಪ_ಬಸು:
ಎಲ್ಲರಿಗೂ ಮೂರು ವಾರ ಕಳೀಬೇಕು ಅಂತ ನಮ್ಮ ಕಡೆ ಹೇಳ್ತಾರೆ

ರಾಯಚೂರು_ಸ್ಕ್ಯಾನ್‌ರೂಮ್:
ಇಲ್ಲಣ್ಣ. ಸ್ಕ್ಯಾನ್ ವಾರದಿಂದ ಯಾವಾಗ್ಲೂ ಎರಡೇ. ಮೂರು ವಾರದ ಮಾತು ಬರೋದು ತಡಾಗಿ ಮುಟ್ಟಾಗೋರ ವಿಚಾರಕ್ಕ. 35 ದಿನಕ್ಕೊಮ್ಮೆ ಆಗೋರಿಗೆ ಅಂಡ ಬಿಡೋದೇ 21ನೇ ದಿನದ ಸುಮಾರಿಗೆ. ಅವರು ಮುಟ್ಟಿನ ದಿನ ಎಣಿಸಿದ್ರ 8 ವಾರ ಬರ್ತದ, ಸ್ಕ್ಯಾನ್ 7 ಅಂತದ. ಅಂಥೋರು ಕೂಸು ಬೆಳ್ದಿಲ್ಲ ಅಂತ ಹೆದರ್ತಾರ, ಖರೇ ಅಂದ್ರ ಗರ್ಭ ನಿಂತಿದ್ದೇ ಒಂದು ವಾರ ತಡ. 9 ವಾರದೊಳಗ 5 ದಿನಕ್ಕಿಂತ ಹೆಚ್ಗಿ ಫರಕ್ ಬಂದ್ರ ಸ್ಕ್ಯಾನ್ ತಾರೀಖನ್ನೇ ಹಿಡೀತಾರ, 9ರಿಂದ 13 ವಾರ 6 ದಿನದ ತನಕ 7 ದಿನ. ಒಮ್ಮೆ ಹಿಡಿದ ಮ್ಯಾಲೆ ಮುಂದಿನ ಸ್ಕ್ಯಾನ್ ಏನೇ ಅಂದ್ರೂ ಹೆರಿಗಿ ತಾರೀಖು ಬದಲ ಮಾಡಬಾರದು.

ಗಂಗಾವತಿ_ವಕೀಲೆ:
ಎಲ್ಲರೂ ಲೆಕ್ಕ ಹೇಳ್ತಾ ಇದೀರಿ, ಒಳ್ಳೇದು. ಆದ್ರೆ ನನಗೆ ಒಂದು ಮಾತು ಹೇಳಲೇಬೇಕು. ಈ ಲೆಕ್ಕ ತಾಳೆ ಆಯ್ತು ಸರಿ, ಆಗದೇ ಹೋಗಿದ್ರೆ ಏನು ಮಾಡ್ತಿದ್ರಿ? ನಿಶ್ಚಿತಾರ್ಥ ಆದಮೇಲೆ ಹುಡುಗ ಹುಡುಗಿ ಭೇಟಿ ಆಗಿದ್ರು ಅಂತಲೇ ಇಟ್ಕೊಳ್ಳಿ, ಅದು ಅವರಿಬ್ಬರ ವಿಚಾರ. ಹೊಸದಾಗಿ ಮನೆಗೆ ಬಂದ ಹುಡುಗೀನ ಎಲ್ಲರ ಮುಂದೆ ನಿಲ್ಲಿಸಿ ಕೇಳೋ ಹಕ್ಕು ಆ ಸಣ್ಣತ್ತೆಗೆ ಯಾರು ಕೊಟ್ರು? ಆಕೆ ಮರ್ಯಾದೆ 10 ಮಿಲಿಮೀಟರ್ ಮೇಲೆ ನಿಂತಿರಬಾರದು. ಗಂಡ ಅನ್ನೋನು ಬಾಯಿ ಬಿಟ್ಟು ಮಾತಾಡಬೇಕಿತ್ತು.

ಯಲಬುರ್ಗಾ_ಅವ್ವ:
ನೀ ಹೇಳಿದ್ದು ಖರೆ ಐತಿ ತಂಗಿ. ಆದ್ರ ಇವತ್ತು ರಾತ್ರಿ ಆ ಹುಡುಗಿ ಎರಡು ತುತ್ತು ಉಣಬೇಕಲ್ಲವ್ವ. ಮೊದಲು ಲೆಕ್ಕ ತೋರ್ಸಿ ಅವರ ಬಾಯಿ ಮುಚ್ಚಸ್ರಿ, ನ್ಯಾಯ ಆಮ್ಯಾಲೆ ಮಾಡೂನು. ನಾವು ಹಡೆಯೋ ಕಾಲಕ್ಕ ಸ್ಕ್ಯಾನಿಂಗೂ ಇರ್ಲಿಲ್ಲ, ಏನೂ ಇರ್ಲಿಲ್ಲ. ಹೊರಗಾದ ದಿನ ಗೋಡಿ ಮ್ಯಾಲೆ ಇದ್ದಿಲಿಲೆ ಗೀಟು ಹಾಕ್ತಿದ್ವಿ, ಅಲ್ಲಿಂದ ಒಂಬತ್ತು ತಿಂಗಳು ಒಂಬತ್ತು ದಿನ ಎಣಸ್ತಿದ್ವಿ. ನಮ್ಮವ್ವ, ನಮ್ಮತ್ತಿ ಎಲ್ಲಾ ಹಂಗೇ. ಮದುವಿ ದಿನದಿಂದ ಎಣಿಸಿದ್ದು ನಾ ಎಲ್ಲೂ ಕೇಳಿಲ್ಲ.

ಮಾನ್ವಿ_ಮಾಸ್ತರ:
ಅವ್ವೋರ ಲೆಕ್ಕಕ್ಕೂ ಡಾಕ್ಟರ್ ಲೆಕ್ಕಕ್ಕೂ ಎರಡೇ ದಿನ ಫರಕ್. ಜರ್ಮನಿಯ ನೇಗಲೆ ಅನ್ನೋ ಡಾಕ್ಟರ್ ಹೆಸರಿನ ಸೂತ್ರ ಅದ, ಕೊನೇ ಮುಟ್ಟಿನ ದಿನಕ್ಕ ಒಂಬತ್ತು ತಿಂಗಳು ಏಳು ದಿನ ಕೂಡಸ್ರಿ ಅಂತ. ಜನವರಿ 10ಕ್ಕ ಮುಟ್ಟಾಗಿದ್ರ ಅಕ್ಟೋಬರ್ 17. ಒಟ್ಟು 280 ದಿನ, 40 ವಾರ. ಹಾಂ, ಆ ತಾರೀಖಿಗೇ ಹೆರಿಗಿ ಆಗೋರು ಭಾಳ ಕಡಿಮಿ, 37 ವಾರ ತುಂಬಿದ ಮ್ಯಾಲೆ ಯಾವಾಗ ಆದ್ರೂ ತಿಂಗಳು ತುಂಬಿದ ಕೂಸೇ. ಆದ್ರೂ 39, 40 ತನಕ ಒಳಗ ಇದ್ರ ಇನ್ನೂ ಚಲೋ.

ಸಿರುಗುಪ್ಪ_ಬಸು:
ಏಳು ವಾರಕ್ಕೆ ಗಂಡೋ ಹೆಣ್ಣೋ ಗೊತ್ತಾಗುತ್ತಾ? ಸುಮ್ನೆ ತಿಳ್ಕೊಳ್ಳೋಕೆ ಕೇಳ್ದೆ

ಗಂಗಾವತಿ_ವಕೀಲೆ:
ಗೊತ್ತಾಗಲ್ಲ, ಗೊತ್ತು ಮಾಡಿಕೊಳ್ಳೋಕೂ ಹೋಗಬೇಡಿ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಹೇಳಿದವರಿಗೂ ಜೈಲು, ಕೇಳಿ ಮಾಡಿಸಿದವರಿಗೂ ಜೈಲು. ಪ್ರತಿ ಸ್ಕ್ಯಾನಿಂಗ್ ಸೆಂಟರ್ ಗೋಡೆ ಮೇಲೆ ಬೋರ್ಡ್ ಇರೋದು ಅದಕ್ಕೇ.

ಬಳ್ಳಾರಿ_ಸಿಸ್ಟರ್:
ಗಂಡು ಹೆಣ್ಣು ತೀರ್ಮಾನ ಆಗೋದು ವೀರ್ಯಾಣು ಅಂಡಕ್ಕೆ ಸೇರಿದ ಕ್ಷಣಕ್ಕೇ, ಅದೂ ಗಂಡನ ಕಡೆಯಿಂದ. ಹೊರಗಿನ ಅಂಗ ಒಂಬತ್ತನೇ ವಾರದವರೆಗೂ ಇಬ್ಬರಿಗೂ ಒಂದೇ ಥರ ಕಾಣುತ್ತೆ. ಹೆಣ್ಣು ಹೆತ್ತಳು ಅಂತ ಸೊಸೆಗೆ ಬಯ್ಯೋ ಮನೆಗಳಿಗೆ ನಾನು ವಾರ್ಡ್‌ನಾಗೇ ಇದನ್ನ ಹೇಳಿ ಕಳಿಸ್ತೀನಿ.

ತೋರಣಗಲ್ಲು_ಶಿಫ್ಟ್:
ಮುಂದಿನ ತಿಂಗಳುಗಳದ್ದೂ ಹೇಳಿ ಸಿಸ್ಟರ್. ಆ್ಯಪ್‌ನಲ್ಲಿ ವಾರಕ್ಕೊಂದು ಹಣ್ಣಿನ ಚಿತ್ರ ಬರುತ್ತೆ, ಅರ್ಧ ಹಣ್ಣು ನಾವು ನೋಡೇ ಇಲ್ಲ. ಸೆಂಟಿಮೀಟರ್, ಗ್ರಾಂನಲ್ಲಿ ಹೇಳಿದ್ರೆ ತಿಳಿಯುತ್ತೆ.

ಬಳ್ಳಾರಿ_ಸಿಸ್ಟರ್:
ಸರಿ, ಎಲ್ಲಾ ಎಲ್‌ಎಂಪಿ ಲೆಕ್ಕದಾಗೇ ಹೇಳ್ತೀನಿ. 10 ವಾರಕ್ಕೆ 3 ಸೆಂಟಿಮೀಟರ್, ಅಷ್ಟೊತ್ತಿಗೆ ಎಲ್ಲಾ ಮುಖ್ಯ ಅಂಗಗಳ ಅಡಿಪಾಯ ಮುಗಿದಿರುತ್ತೆ, ಇಲ್ಲಿಂದ ಮುಂದೆ ಬೆಳೆಯೋದು, ಬಲಿಯೋದು. ಔಷಧಿ, ಜ್ವರ, ಎಕ್ಸ್‌ರೇ ಇವುಗಳ ಭಯ ಜಾಸ್ತಿ ಇರೋದು ಈ ಹತ್ತು ವಾರದಾಗೆ, ಅದಕ್ಕೇ ಮೆಡಿಕಲ್ ಶಾಪ್‌ನಾಗೆ ಕೇಳಿ ಮಾತ್ರೆ ನುಂಗಬ್ಯಾಡ್ರಿ ಅಂತ ಬಡ್ಕೊಳ್ಳೋದು. ಒಂದು ವಿಚಿತ್ರ ಕೇಳಿ, 8ನೇ ವಾರದಾಗೆ ಕರುಳು ಹೊಟ್ಟ್ಯಾಗೆ ಹಿಡಿಸದೆ ಹೊಕ್ಕಳಬಳ್ಳಿ ಒಳಗೆ ಹೋಗಿ ಅಲ್ಲೇ ಬೆಳೀತಾ ಇರುತ್ತೆ, 12 ವಾರಕ್ಕೆ ವಾಪಸ್ ಹೊಟ್ಟೆಗೆ ಬರುತ್ತೆ. ಗೊತ್ತಿಲ್ಲದೋರು ಆ ನಡುವೆ ಸ್ಕ್ಯಾನ್ ನೋಡಿದ್ರೆ ದೋಷ ಅಂದ್ಕೋತಾರೆ.

12 ವಾರಕ್ಕೆ ಕಿಡ್ನಿ ಕೆಲಸ ಶುರು ಆಗಿರುತ್ತೆ. 16 ವಾರ ಆದಮೇಲೆ ಹೊಟ್ಟೆ ನೀರು ಅಂತೀವಲ್ಲ, ಅದರಾಗೆ ಬಹುಪಾಲು ಮಗೂದೇ ಮೂತ್ರ, ಮಗು ಅದನ್ನೇ ಕುಡಿಯುತ್ತೆ, ಮತ್ತೆ ಬಿಡುತ್ತೆ. ಮಗು ಅಲುಗಾಡೋದು ಸ್ಕ್ಯಾನ್‌ನಾಗೆ 8 ವಾರಕ್ಕೇ ಕಾಣುತ್ತೆ, ಆದ್ರೆ ಚೊಚ್ಚಲ ಬಸುರಿಗೆ ತಿಳಿಯೋದು 18ರಿಂದ 20 ವಾರಕ್ಕೆ, ಎರಡನೇದಾದ್ರೆ 16ಕ್ಕೇ ತಿಳಿಯಬಹುದು. ಐದನೇ ತಿಂಗಳ ಸ್ಕ್ಯಾನ್ ಬಿಡಬ್ಯಾಡ್ರಿ, 18ರಿಂದ 20 ವಾರದಾಗೆ ತಲೆ, ಬೆನ್ನೆಲುಬು, ಹೃದಯದ ನಾಲ್ಕು ಕೋಣೆ ಎಲ್ಲಾ ಒಂದೊಂದೇ ನೋಡ್ತಾರೆ. 20 ವಾರಕ್ಕೆ ತೂಕ 300 ಗ್ರಾಂ ಚಿಲ್ಲರೆ, 24ಕ್ಕೆ 600, 28ಕ್ಕೆ ಒಂದು ಕೆಜಿ. 26ರ ಸುಮಾರಿಗೆ ಶಬ್ದಕ್ಕೆ ಬೆಚ್ಚುತ್ತೆ, ಮುಚ್ಚಿದ್ದ ಕಣ್ರೆಪ್ಪೆ 26-28ಕ್ಕೆ ತೆರೆಯುತ್ತೆ. ಕೊನೇ ಎರಡು ತಿಂಗಳು ಕೊಬ್ಬು ತುಂಬೋದು, ಶ್ವಾಸಕೋಶ ಬಲಿಯೋದು. ಶಿಫ್ಟ್ ಅಣ್ಣ, ನಿಮ್ಮ ಮನೆಯವರಿಗೆ ಆ ಐದನೇ ತಿಂಗಳ ಸ್ಕ್ಯಾನ್ ಆಯ್ತಾ?

ತೋರಣಗಲ್ಲು_ಶಿಫ್ಟ್:
ಇಲ್ಲ, ಈ ವಾರಾನೇ ರಜೆ ಹಾಕ್ತೀನಿ.

ಲಿಂಗಸುಗೂರು_ಆಶಾ:
ನಾ ಆಶಾ ಕಾರ್ಯಕರ್ತೆ. ದೊಡ್ಡಕ್ಕ, ತಂಗಿ ಹೆಸರು ಅಲ್ಲಿಯ ಆಶಾ ಹತ್ರ ಬರೆಸಿ ತಾಯಿ ಕಾರ್ಡ್ ಮಾಡಸ್ರಿ, 12 ವಾರದೊಳಗ ಆಗಬೇಕು. ಫೋಲಿಕ್ ಆ್ಯಸಿಡ್ ಮಾತ್ರಿ ಇವತ್ತೇ ಶುರು ಆಗ್ಲಿ. ಸಿಸ್ಟರ್ ಹೇಳಿದ್ರಲ್ಲ, 28ನೇ ದಿನಕ್ಕ ಮಿದುಳಿನ ನಾಳ ಮುಚ್ಚತದ ಅಂತ, ಅದು ಸರಿಯಾಗಿ ಮುಚ್ಚಾಕ ಈ ಮಾತ್ರಿ ಬೇಕು, ಆದ್ರ ಅಷ್ಟೊತ್ತಿಗೆ ಭಾಳ ಮಂದಿಗೆ ಬಸುರು ಅಂತಾನೂ ಗೊತ್ತಿರಂಗಿಲ್ಲ. ಅದಕ್ಕ ಮದುವಿ ಆದ ಹುಡುಗ್ಯಾರಿಗೆ ಮೊದಲೇ ನುಂಗ್ರಿ ಅಂತ ನಾವು ಮನಿ ಮನಿಗೆ ಹೇಳೋದು, ಯಾರೂ ಕೇಳಂಗಿಲ್ಲ. ನಾಕನೇ ತಿಂಗಳಿಂದ ಕೆಂಪು ಕಬ್ಬಿಣದ ಮಾತ್ರಿ, 180 ದಿನ. ನಮ್ಮ ಕಡೆ ರಕ್ತ ಕಡಿಮಿ ಇರೋ ಬಸುರ್‍ಯಾರು ಭಾಳ, ಬೂದಿ, ಮಣ್ಣು, ಹಸಿ ಅಕ್ಕಿ ತಿನ್ನೋರು ಅದಾರ, ಅದನ್ನ ಬಯಕಿ ಅಂತ ಬಿಡಬ್ಯಾಡ್ರಿ, ರಕ್ತ ತಪಾಸ ಮಾಡಸ್ರಿ.

ಮೊದಲನೇ ಸ್ಕ್ಯಾನ್ ಯಾಕ ಬೇಕು ಅಂತ ಒಂದು ಹೇಳ್ತೀನಿ. ನಮ್ಮೂರಿಂದ ಒಬ್ಬಾಕಿ ಗಂಡನ ಜೊತಿ ಬೆಂಗಳೂರಿಗೆ ಗುಳೆ ಹೋಗಿದ್ಲು, ಕಟ್ಟಡದ ಕೆಲಸಕ್ಕ. ತಾಯಿ ಕಾರ್ಡ್ ಊರಾಗ ಟ್ರಂಕಿನ್ಯಾಗ, ಆಕಿ ಅಲ್ಲಿ ಶೆಡ್ಡಿನ್ಯಾಗ. ಒಂದು ಸ್ಕ್ಯಾನೂ ಇಲ್ಲ. ಊರಿಗೆ ಬಂದಾಗ ಹೊಟ್ಟಿ ಕಾಣ್ತಿತ್ತು, ಮುಟ್ಟಿನ ದಿನ ಕೇಳಿದ್ರ "ಜಾತ್ರಿ ಆಸುಪಾಸು" ಅಂದ್ಲು. ಸ್ಕ್ಯಾನ್ ಮಾಡಿಸಿದ್ವಿ, 32 ವಾರ ಅಂತ ಬಂತು. ಡಾಕ್ಟರ್ ಏನಂದ್ರು ಗೊತ್ತೇನ್ರಿ, ಈ ಹೊತ್ತಿನ್ಯಾಗ ಅಳತಿ ಮೂರು ವಾರ ಹಿಂದ ಮುಂದ ಇರ್ತದ, ಇದು 29 ಇರಬಹುದು, 35 ಇರಬಹುದು, ಕೂಸು ಸಣ್ಣದದ ಅಂತೀನೋ ದಿನ ಕಡಿಮಿ ಅಂತೀನೋ ಅಂತ. ಹದಿನೈದು ದಿನಕ್ಕ ನೋವು ಶುರು ಆತು. 108ಕ್ಕ ಫೋನ್ ಹಚ್ಚಿ ಗಾಡಿ ಬರೋದ್ರೊಳಗ ನಮ್ಮ ಸಿಸ್ಟರ್ ಮೊದಲನೇ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿದ್ರು, ಶ್ವಾಸಕೋಶ ಬಲಿಯಾಕ. ರಾಯಚೂರಿಗೆ ಹೋಗಿ ಹಡದ್ಲು, ಕೂಸು 1.9 ಕೆಜಿ. ಬದುಕ್ಯದ, ಈಗ ಅಂಗನವಾಡಿಗೆ ಬರ್ತದ. ಆದ್ರ ಆ ರಾತ್ರಿ ಯಾರಿಗೂ ಕೂಸು ಎಷ್ಟು ವಾರದ್ದು ಅಂತ ಗೊತ್ತಿಲ್ಲ, ಎಲ್ಲರೂ ಅಂದಾಜಿನ ಮ್ಯಾಲೆ ಕೆಲಸ ಮಾಡಿದ್ವಿ. 7ನೇ ವಾರಕ್ಕ ಒಂದು ಸ್ಕ್ಯಾನ್ ಆಗಿದ್ರ ಆ ಒದ್ದಾಟ ಇರ್ತಿರ್ಲಿಲ್ಲ. ನಿಮ್ಮ ತಂಗಿ ಕೈಯಾಗ ಇರೋ ಆ ರಿಪೋರ್ಟ್ ಭಾಳ ಬೆಲಿದು, ಜ್ವಾಕಿಲೆ ಇಟ್ಕೊಳ್ಳಾಕ ಹೇಳ್ರಿ, ಸಿಟ್ಟಿನ್ಯಾಗ ಹರದಗಿರದಾರು.

ಯಲಬುರ್ಗಾ_ಅವ್ವ:
ಅದು ಎಂಟರಾಗ ಹುಟ್ಟಿದ್ದೇನವ್ವ? ಏಳರಾಗ ಹುಟ್ಟಿದ್ದು ಉಳೀತೈತಿ, ಎಂಟರಾಗ ಹುಟ್ಟಿದ್ದು ಉಳಿಯಂಗಿಲ್ಲ ಅಂತಾರ.

ಮಾನ್ವಿ_ಮಾಸ್ತರ:
ಅವ್ವೋರ, ಇದೊಂದು ಮಾತು ಬಿಡ್ರಿ. ಈ ನಂಬಿಕಿ ಗ್ರೀಕರಲ್ಲೂ ಎರಡು ಸಾವಿರ ವರ್ಷದ ಹಿಂದೇ ಇತ್ತು, ಆದ್ರೂ ಅದು ಸುಳ್ಳೇ. ಕೂಸು ಒಳಗ ಇದ್ದಷ್ಟು ದಿನ ಬಲೀತದ. ಏಳರ ಕೂಸಿಗಿಂತ ಎಂಟರ ಕೂಸಿಗೆ ಬದುಕೋ ದಾರಿ ಹೆಚ್ಗಿ, ಎಂಟಕ್ಕಿಂತ ಒಂಬತ್ತಕ್ಕ ಇನ್ನೂ ಹೆಚ್ಗಿ.

ಕುಷ್ಟಗಿ_ಪೋರ:
ನಮ್ಮ ಓಣ್ಯಾಗ ಏಳಕ್ಕ ಹುಟ್ಟಿದಾವ ಈಗ ಪೊಲೀಸ್ ಆಗ್ಯಾನ, ಎಂಟಕ್ಕ ಹುಟ್ಟಿದ್ದು ಹೋತು. ಕಣ್ಣಾರೆ ಕಂಡಿದ್ದು ಸುಳ್ಳು ಹೆಂಗ ಅಂತೀರಿ ಮಾಸ್ತರ?

ಮಾನ್ವಿ_ಮಾಸ್ತರ:
ತಮ್ಮಾ, ಒಂದು ಓಣ್ಯಾಗಿನ ಇಬ್ಬರನ್ನ ನೋಡಿ ಎಲ್ಲಾ ಕೂಸಿಗೂ ಕಾನೂನು ಮಾಡಾಕ ಬರಂಗಿಲ್ಲ. ಏಳಕ್ಕ ಹುಟ್ಟಿ ಹೋದ ಕೂಸಿನ ಮಾತು ಯಾರೂ ಆಡಂಗಿಲ್ಲ, ಉಳಿದಾವನ ಮಾತು ಎಲ್ಲರೂ ಆಡ್ತಾರ. ಮತ್ತ ಅವ ಏಳರದ್ದೋ ಎಂಟರದ್ದೋ ಅಂತ ಆವಾಗ ಯಾವ ಸ್ಕ್ಯಾನ್ ಹೇಳಿತ್ತು? ಮ್ಯಾಲೆ ಆಶಾ ಅಕ್ಕೋರು ಬರ್ದಿದ್ದು ಓದು.

ಬಳ್ಳಾರಿ_ಸಿಸ್ಟರ್:
ಈ ಮಾತು ಬರೀ ಮಾತಾಗಿದ್ರೆ ನಾನು ಸುಮ್ಮನಿರ್ತಿದ್ದೆ. ಇದರಿಂದ ಜೀವ ಹೋಗ್ತೈತೆ. 33 ವಾರಕ್ಕೆ ಹುಟ್ಟಿದ ಮಗು, ಉಸಿರಾಟ ಚೆನ್ನಾಗೈತೆ, ಹಾಲು ಚೀಪೋಕೆ ಶಕ್ತಿ ಸಾಲ್ತಿಲ್ಲ ಅಷ್ಟೇ. ಅಜ್ಜಿ ಬಂದು "ಎಂಟರದ್ದು ಉಳಿಯಲ್ಲ, ಸುಮ್ನೆ ಯಾಕೆ ಖರ್ಚು, ಮನಿಗೆ ಒಯ್ತೀವಿ" ಅಂತ ಹಟ ಹಿಡಿದಿದ್ರು. ಶ್ವಾಸಕೋಶ ಅಂಟದಂಗೆ ನೋಡಿಕೊಳ್ಳೋ ಒಂದು ದ್ರವ ಬರುತ್ತೆ, ಸರ್ಫ್ಯಾಕ್ಟೆಂಟ್ ಅಂತ, ಅದು 24 ವಾರಕ್ಕೆ ಶುರುವಾಗಿ 34-35ಕ್ಕೆ ಸಾಕಷ್ಟು ಆಗುತ್ತೆ. ಏಳರ ಮಗೂಗೆ ಅದು ಕಡಿಮೆ, ಎಂಟರ ಮಗೂಗೆ ಜಾಸ್ತಿ, ಇಷ್ಟೇ ವಿಷಯ. ಆ ತಾಯಿ ಎದೆ ಮೇಲೆ ಮಗೂನ ಬರಿಮೈಯಾಗೆ ಮಲಗಿಸಿ, ಮೇಲೆ ಸೀರೆ ಸುತ್ತಿ, ಗಂಟೆಗಟ್ಟಲೆ ಕೂರಿಸಿದ್ವಿ, ಹಿಂಡಿದ ಹಾಲು ಒಳಲೆನಾಗೆ ಕುಡಿಸಿದ್ವಿ. ಕಾಂಗರೂ ಆರೈಕೆ ಅಂತ ಹೆಸರು, 1978ರ ಸುಮಾರಿಗೆ ಕೊಲಂಬಿಯಾದ ಬೊಗೋಟಾದಾಗೆ ಶುರುವಾಗಿದ್ದು, ಕೊಪ್ಪಳ ಜಿಲ್ಲೆಯಾಗೆ ಇದನ್ನ ಊರೂರಿಗೂ ಮುಟ್ಟಿಸೋ ಕೆಲಸ ಆಗೈತೆ. ಆ ಮಗು ತೂಕ ಹಿಡಿದು ಮನೆಗೆ ಹೋಯ್ತು.

ಯಲಬುರ್ಗಾ_ಅವ್ವ:
ಉಳೀಲಿ ತಾಯಿ, ಎಲ್ಲಾ ಕೂಸೂ ಉಳೀಲಿ. ಗ್ರಹಣದ್ದು ಹೆಂಗ ಮತ್ತ? ಬಸುರಿ ಗ್ರಹಣ ನೋಡಿದ್ರ ಕೂಸಿನ ತುಟಿ ಸೀಳ್ತೈತಿ ಅಂತ ನಮ್ಮ ಸೊಸಿನ್ನ ಕತ್ತಲ್ಯಾಗ ಕುಂದ್ರಿಸಿದ್ವಿ, ಏಳರಾಗ.

ರಾಯಚೂರು_ಸ್ಕ್ಯಾನ್‌ರೂಮ್:
ಮ್ಯಾಲ್ತುಟಿ ಎರಡೂ ಕಡಿಯಿಂದ ಬಂದು ಕೂಡೋದು ಎರಡನೇ ತಿಂಗಳಾಗೇ ಮುಗೀತದ ಅವ್ವಾ, ಮೂರು ತುಂಬೋದ್ರೊಳಗ ಬಾಯಿ ಒಳಗಿನ ಅಂಗಳಾನೂ ಕೂಡಿರ್ತದ. ಏಳರಾಗ ಗ್ರಹಣ ನೋಡಿದ್ರ ಕೂಡಿದ ತುಟಿ ಹೆಂಗ ಸೀಳ್ತದ? ವಂಶದಾಗ ಇದ್ರ, ಶುಗರ್ ಹತೋಟಿಯಾಗ ಇಲ್ಲದಿದ್ರ, ಬೀಡಿ ಸಿಗರೇಟ್, ಫಿಟ್ಸಿನ ಕೆಲವು ಮಾತ್ರಿ, ಇವುಗಳಿಂದ ಬರ್ತದ. ನೀರು ಕುಡಿಯದಂಗ ದಿನಗಟ್ಟಲೆ ಕುಂದ್ರಿಸೋದು ಮಾತ್ರ ಬ್ಯಾಡ್ರಿ, ನಮ್ಮ ಬಿಸಲಿಗೆ ಬಸುರಿಗೆ ನೀರೇ ಮೊದಲ ಔಷಧ.

ಕಂಪ್ಲಿ_ಮಂಜು:
ಕೇಸರಿ ಹಾಲು ಕುಡಿದ್ರೆ ಬೆಳ್ಳಗೆ ಹುಟ್ಟೋದೂ ಸುಳ್ಳೇ ಅಲ್ವಾ? ನಮ್ಮತ್ತೆ ತಿಂಗಳಿಗೆ ಅದಕ್ಕೇ ಎಷ್ಟು ದುಡ್ಡು ಸುರಿತಾರೆ.

ಮಾನ್ವಿ_ಮಾಸ್ತರ:
ಸುಳ್ಳು. ಆ ದುಡ್ಡಿಗೆ ತತ್ತಿ, ಶೇಂಗಾ, ಸೊಪ್ಪು ತರಸ್ರಿ.

ಸಿಂಧನೂರು_ದೊಡ್ಡಕ್ಕ:
ಕಾರಟಗಿಂದ ಈಗ ಬಂದೆ. ಎಲ್ಲರೂ ಬರ್ದಿದ್ದನ್ನ ಫೋನ್‌ನಾಗ ಇಟ್ಕೊಂಡೇ ಹೋಗಿದ್ದೆ. ತಂಗಿ ಹೇಳಿದ ಮುಟ್ಟಿನ ತಾರೀಖು ಕ್ಯಾಲೆಂಡರ್ ಮ್ಯಾಲೆ ಗುರುತು ಮಾಡಿ ಎಣಿಸಿದೆ, ಸ್ಕ್ಯಾನ್ ದಿನಕ್ಕ ಸರಿಯಾಗಿ 49. ಸಿಸ್ಟರ್ ಹೇಳಿದಂಗೇ ಮದುವಿ ಹನ್ನೊಂದನೇ ದಿನ ಬಿತ್ತು. ಸಣ್ಣತ್ತಿ ಕುಷ್ಟಗಿ ತಮ್ಮ ಕೇಳಿದ್ದನ್ನೇ ಕೇಳಿದ್ಲು, ಮಷೀನ್ ಸುಳ್ಳು ಹೇಳ್ತದೇನು ಅಂತ. ಐವಿಎಫ್ ಕತಿ ಹೇಳಿದೆ, ಪಟ್ಟಿ ಮಾತು ಹೇಳಿದೆ, ಆಕಿಗೆ ಅರ್ಧ ತಿಳೀತು ಅರ್ಧ ತಿಳೀಲಿಲ್ಲ. ತಂಗಿ ಮಾವ ರೈತರು, ಅವರಿಗೆ ನಾ ಹೇಳಿದ್ದು ಭತ್ತದ ಲೆಕ್ಕ. ಸೋನಾ ಮಸೂರಿ ಇಷ್ಟು ದಿನದ ಬೆಳಿ ಅಂತೀರಲ್ಲ, ಅದನ್ನ ನಾಟಿ ಮಾಡಿದ ದಿನದಿಂದ ಎಣಸ್ತೀರೋ, ಮಡಿ ಹಾಕಿದ ದಿನದಿಂದೋ ಅಂತ ಕೇಳಿದೆ. ಮಡಿಯಿಂದ ಅಂದ್ರು. ಹಂಗಾದ್ರ ಇದೂ ಹಂಗೇ, ಹೊಲಕ್ಕ ಬರೋ ಮೊದಲೇ ದಿನ ಎಣಿಸಿರ್ತಾರ ಅಂದೆ. ಅವರು ತಂಗಿನ್ನ ಕರದು "ಉಣ್ಣು ಹೋಗವ್ವ" ಅಂದ್ರು. ಗಂಡ ಆಕಿನ್ನ ಕರ್ಕೊಂಡು ಅಲ್ಲಿಯ ಸರ್ಕಾರಿ ಆಸ್ಪತ್ರಿಗೆ ಹೋಗಿ ಡಾಕ್ಟರ್ ಬಾಯಿಂದಾನೂ ಕೇಳಿ ಬಂದ, ತಾಯಿ ಕಾರ್ಡೂ ಬರೆಸ್ಯಾನ.

ವಕೀಲೆ ಅಕ್ಕೋರ, ನಿಮ್ಮ ಮಾತೂ ಅವನಿಗೆ ಹೇಳಿದೆ, ಹೊರಗ ಕಟ್ಟಿ ಮ್ಯಾಲೆ ಕುಂದ್ರಿಸಿ. ಎಲ್ಲರ ಮುಂದ ಬಾಯಿ ಬಿಡಬೇಕಿತ್ತಪ್ಪ ನೀನು ಅಂತ. ತಲಿ ಬಗ್ಗಿಸಿ ಕೇಳಿದ. ಸಣ್ಣತ್ತಿ ಇನ್ನೂ ಮುಖ ಗಂಟು ಹಾಕ್ಕೊಂಡೇ ಅದಾಳ.

ಗಂಗಾವತಿ_ವಕೀಲೆ:
ಮುಖ ಗಂಟು ಹಾಕಿಕೊಂಡಿರಲಿ. ಮತ್ತೆ ಆ ಮಾತು ಎತ್ತಿದ್ರೆ ಗಂಡನೇ ಉತ್ತರ ಕೊಡಬೇಕು, ನಿಮ್ಮ ತಂಗಿ ಅಲ್ಲ. ಅದನ್ನ ಪಕ್ಕಾ ಮಾಡಿ ಬಂದಿದೀರಿ ಅಂದ್ಕೋತೀನಿ.

ಸಿಂಧನೂರು_ದೊಡ್ಡಕ್ಕ:
ಮಾಡೀನಿ. ಇನ್ನೊಂದು ಕೇಳ್ತೀನಿ, ಡಾಕ್ಟರ್ ಮುಂದಿನ ಸ್ಕ್ಯಾನ್ ಎನ್‌ಟಿ ಅಂತ ಬರ್ದಾರ, ಯಾವಾಗ ಮಾಡಸಬೇಕು? ಕುಬಸ ಐದರಾಗ ಮಾಡೂನು ಅಂತ ನಮ್ಮವ್ವ ಈಗಲೇ ಶುರು ಮಾಡ್ಯಾಳ, ಬಸ್‌ನಾಗ ಕರ್ಕೊಂಡು ಬಂದ್ರ ತೊಂದ್ರಿ ಇಲ್ಲಲ್ಲ?

ರಾಯಚೂರು_ಸ್ಕ್ಯಾನ್‌ರೂಮ್:
ಎನ್‌ಟಿ 11 ವಾರ ತುಂಬಿದ ಮ್ಯಾಲೆ, 13 ವಾರ 6 ದಿನದೊಳಗ. ಈಗಿನ ಲೆಕ್ಕಕ್ಕ ಇನ್ನು ನಾಕು ವಾರ ಬಿಟ್ಟು, ಐದನೇ ವಾರದಾಗ ಹೋದ್ರ ಸರಿ ಆಗ್ತದ. ಕೂಸಿನ ಕುತ್ತಿಗಿ ಹಿಂದಿನ ನೀರಿನ ಪದರ ಅಳೀತಾರ, ಆ ದಿನ ದಾಟಿದ್ರ ಅಳತಿಗೆ ಅರ್ಥ ಇರಂಗಿಲ್ಲ. ಈ 7 ವಾರದ ರಿಪೋರ್ಟ್ ಜೊತಿಗೆ ಒಯ್ಯಾಕ ಹೇಳ್ರಿ.

ಬಳ್ಳಾರಿ_ಸಿಸ್ಟರ್:
ಐದನೇ ತಿಂಗಳಾಗೆ ಬಸ್‌ನಾಗೆ ಬರಬಹುದು, ರಕ್ತಸ್ರಾವ ಗಿರಸ್ರಾವ ಏನೂ ಇಲ್ಲದಿದ್ರೆ, ಡಾಕ್ಟರ್ ಬ್ಯಾಡ ಅಂದಿರದಿದ್ರೆ. ಮುಂದಿನ ಸೀಟು ಹಿಡೀರಿ, ಹಿಂದಿನ ಸೀಟು ಬ್ಯಾಡ, ನೀರಿನ ಬಾಟ್ಲಿ ಜೊತೆಗಿರಲಿ. ಮತ್ತೆ ಐದನೇ ತಿಂಗಳ ಸ್ಕ್ಯಾನ್ ಮುಗಿಸಿಕೊಂಡೇ ಕುಬಸದ ದಿನ ಗೊತ್ತು ಮಾಡ್ರಿ.